ಡಿಕಾಕ್ಷನ್ ಇಳೀತಿಲ್ವಾ? ಒತ್ತಿದ್ದು ಜಾಸ್ತಿ ಆಗಿದೆ!

ಹೊಸ ಸ್ಟೀಲ್ ಫಿಲ್ಟರ್ ತಂದು ತಿಂಗಳೊಳಗೆ ಅಟ್ಟಕ್ಕೆ ಹಾಕಿದೋರು ನನ್ನ ಪರಿಚಯದಲ್ಲೇ ಬೇಕಾದಷ್ಟು ಜನ ಇದಾರೆ. ಯಾಕ್ರೀ ಅಂದ್ರೆ ಎರಡೇ ಉತ್ತರ. ಒಂದು, "ಡಿಕಾಕ್ಷನ್ ಇಳಿಯೋದೇ ಇಲ್ಲ, ಆಫೀಸಿಗೆ ಹೊರಡೋ ಹೊತ್ತಲ್ಲಿ ಅದರ ಮುಂದೆ ಕಾವಲು ಕೂರಕ್ಕಾಗತ್ತಾ?" ಇನ್ನೊಂದು, "ಸರ್ರಂತ ಇಳಿದ್ಬಿಡತ್ತೆ, ಕಾಫಿ ಮಾಡಿದ್ರೆ ಕಲಗಚ್ಚು." ಆಮೇಲೆ ಪುಡಿ ಅಂಗಡಿಯವನನ್ನ ಬೈಯೋದು, ಹಾಲಿನೋನನ್ನ ಬೈಯೋದು. ಪಾಪ, ಅವರೇನು ಮಾಡ್ತಾರೆ? ಪುಡಿ ತುಂಬಿ ನೀರು ಹೊಯ್ಯೋ ಎರಡು ನಿಮಿಷದಲ್ಲಿ ನಮ್ಮ ಕೈ ಮಾಡೋ ಎಡವಟ್ಟು ಇದು. ಹಾಗಾಗಿ ಇಲ್ಲಿ ಆ ಎರಡು ನಿಮಿಷಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ, ಹಾಲು ಕಾಯಿಸೋದು ಎಲ್ಲರಿಗೂ ಗೊತ್ತಿರತ್ತೆ.

ಪುಡಿ

ಸೂಪರ್‌ಮಾರ್ಕೆಟ್ ಶೆಲ್ಫಲ್ಲಿ ತಿಂಗಳುಗಟ್ಲೆ ಕೂತಿರೋ ಪ್ಯಾಕೆಟ್ ಬೇಡ. ಗಾಂಧಿ ಬಜಾರಲ್ಲಿ, ಮಲ್ಲೇಶ್ವರದಲ್ಲಿ ಕಣ್ಮುಂದೇನೇ ಬೀಜ ಪುಡಿ ಮಾಡಿಕೊಡೋ ಅಂಗಡಿಗಳಿವೆ, ಮೈಸೂರು, ಹಾಸನ, ಚಿಕ್ಕಮಗಳೂರಲ್ಲಂತೂ ಕೇಳೋದೇ ಬೇಡ. ಅಲ್ಲಿ ಹೋಗಿ ನಿಂತ ಕೂಡ್ಲೆ ಕೌಂಟರಿನೋರು ಕೇಳೋದು, "ಚಿಕೋರಿ ಎಷ್ಟು ಹಾಕ್ಲಿ ಸಾರ್?" ತಡವರಿಸಬೇಡಿ. ತಡವರಿಸಿದ್ರೆ ಅವರ ಮಾಮೂಲಿ ಮಿಕ್ಸ್ ಕೈಗೆ ಬರತ್ತೆ, ಅದರಲ್ಲಿ ಎಷ್ಟಕ್ಕೆಷ್ಟು ಅಂತ ನಿಮಗೂ ಗೊತ್ತಿರಲ್ಲ. ನನ್ನನ್ನ ಕೇಳಿದ್ರೆ ಕಾಫಿ 85, ಚಿಕೋರಿ 15. ಶುರುವಲ್ಲಿ 80ಕ್ಕೆ 20 ಇದ್ರೂ ನಡೆಯತ್ತೆ, ಅದರ ಮೇಲೆ ಹೋಗ್ಬೇಡಿ.

ಚಿಕೋರಿ ಅಂದ್ರೆ ವಿಷ ಅನ್ನೋ ಥರ ಮೂಗು ಮುರಿಯೋರೂ ಇದಾರೆ, ನಾನು ಆ ಪಾರ್ಟಿ ಅಲ್ಲ. ಅದೊಂದು ಗಿಡದ ಬೇರು, ಹುರಿದು ಪುಡಿ ಮಾಡಿರ್ತಾರೆ, ನಮ್ಮ ದೇಶದಲ್ಲಿ ಬಹುಪಾಲು ಗುಜರಾತಲ್ಲಿ ಬೆಳೆಯತ್ತೆ, ಕೆಫೀನ್ ಒಂಚೂರೂ ಇಲ್ಲ. ಹಾಲು ಹಾಕಿದ ಮೇಲೂ ಬಣ್ಣ, ಮಂದ ಉಳಿಯೋಕೆ ಸ್ವಲ್ಪ ಬೇಕು. ಆದ್ರೆ ಕಾಫಿಗಿಂತ ಅಗ್ಗ ನೋಡಿ, ಅಲ್ಲೇ ಇರೋದು ಕಿತಾಪತಿ. ಕಾನೂನು ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51% ಕಾಫಿ ಇದ್ರೆ ಸಾಕು, ಅಂದ್ರೆ 49% ತನಕ ಚಿಕೋರಿ ಹಾಕಿ ರಾಜಾರೋಷವಾಗಿ ಮಾರಬಹುದು. ಪ್ಯಾಕೆಟ್ ಮೇಲೆ ಎಷ್ಟು ಪರ್ಸೆಂಟ್ ಅಂತ ಹಾಕಲೇಬೇಕು, ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೇಲಿ ಇರತ್ತೆ, ಹುಡುಕಿ ಓದಿ. ಬಿಡಿ ಪುಡಿ ಮೇಲೆ ಅನುಮಾನ ಬಂದ್ರೆ ಗಾಜಿನ ಲೋಟದಲ್ಲಿ ತಣ್ಣೀರು ತಗೊಂಡು ಮೇಲಿಂದ ಅರ್ಧ ಚಮಚ ಪುಡಿ ಉದುರಿಸಿ. ಕಾಫಿ ತೇಲತ್ತೆ. ಚಿಕೋರಿ ಕೆಲವೇ ಸೆಕೆಂಡಲ್ಲಿ ಮುಳುಗೋಕೆ ಶುರು ಮಾಡತ್ತೆ, ಹೋಗ್ತಾ ಹೋಗ್ತಾ ಹಿಂದೆ ಕಂದು ಬಣ್ಣದ ಗೆರೆ ಎಳೀತಾ ಹೋಗತ್ತೆ.

ಬೀಜದ ವಿಷಯಕ್ಕೆ ಬಂದ್ರೆ, ಬರೀ ಅರೇಬಿಕಾ ಹಾಲಿನ ಕಾಫಿಗೆ ಸಪ್ಪೆ ಆಗತ್ತೆ, ಬರೀ ರೋಬಸ್ಟಾ ಕಹಿ ಜಾಸ್ತಿ, ಕೆಫೀನೂ ಹೆಚ್ಚುಕಮ್ಮಿ ಎರಡರಷ್ಟು. ಪೀಬೆರಿ (ಕಾಯಲ್ಲಿ ಎರಡರ ಬದಲು ಒಂದೇ ಇರೋ ದುಂಡು ಬೀಜ, ಇಲ್ಲಿ ಅರೇಬಿಕಾದ್ದು) ಎರಡು ಪಾಲು, ರೋಬಸ್ಟಾ ಒಂದು ಪಾಲು ಅಂತ ಹೇಳಿ, ಪಿಬಿ ಅಂದ್ರೇ ಅಂಗಡಿಯೋರಿಗೆ ಅರ್ಥ ಆಗತ್ತೆ. ಕಾಲು ಕೆಜಿ ಮೇಲೆ ತರಬೇಡಿ. ತಂದಿದ್ದನ್ನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ, ಫ್ರಿಜ್ಜಲ್ಲಿ ಬೇಡ, ದಿನಾ ತೆಗೆದು ಇಟ್ಟು ಮಾಡೋವಾಗ ಪಸೆ ಹಿಡಿದು ಚಿಕೋರಿ ಗಟ್ಟಿ ಉಂಡೆ ಕಟ್ಟತ್ತೆ.

ಪುಡಿ ಎಷ್ಟು ನುಣ್ಣಗಿರಬೇಕು ಅನ್ನೋದು ಮುಖ್ಯ. ಚಿಟಿಕೆ ತಗೊಂಡು ಹೆಬ್ಬೆರಳು ತೋರುಬೆರಳ ಮಧ್ಯೆ ಉಜ್ಜಿ. ತರಿ ಕೈಗೆ ಗೊತ್ತಾಗಬೇಕು, ಬೆರಳಿನ ಗೆರೆಯೊಳಗೆ ಹೋಗಿ ಕೂತ್ಕೊಂಡ್ರೆ ಅದು ಅತಿ ನುಣುಪು, ಫಿಲ್ಟರ್ ಕಟ್ಟಿಕೊಳ್ಳೋದು ಗ್ಯಾರಂಟಿ. ಮನೇಲೇ ಪುಡಿ ಮಾಡ್ತೀನಿ ಅನ್ನೋ ಹವ್ಯಾಸದೋರು ಕೈಯಲ್ಲಿ ತಿರುಗಿಸೋ ಗ್ರೈಂಡರ್ ತಗೊಳ್ಳಿ. ಮಿಕ್ಸಿಗೆ ಹಾಕಿದ್ರೆ ಅರ್ಧ ಹಿಟ್ಟು, ಅರ್ಧ ನುಚ್ಚು, ಮೇಲಿಂದ ಬಿಸಿಯಾಗಿ ಘಮ ಎಲ್ಲ ಅಡುಗೆಮನೆಗೇ ಹೋಗ್ಬಿಡತ್ತೆ. ಮಿಕ್ಸಿನೇ ಗತಿ ಅಂದ್ರೆ ಒಂದೊಂದೇ ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಿ.

ಫಿಲ್ಟರ್

ಸ್ಟೀಲಿಂದೇ ಸಾಕು. ಹಿತ್ತಾಳೆದು ನೋಡಕ್ಕೆ ಚೆನ್ನಾಗಿರತ್ತೆ, ಆದ್ರೆ ಒಳಗೆ ಕಲಾಯಿ ಇದೆಯಾ ನೋಡಿ ತಗೊಳ್ಳಿ. ಆನ್‌ಲೈನಲ್ಲಿ ಬರೋ ಎಷ್ಟೋ ಹಿತ್ತಾಳೆ ಫಿಲ್ಟರ್ ಶೋಕೇಸಿಗೆ ಮಾತ್ರ ಲಾಯಕ್ಕು.

ಸೈಜ್ ಮಾತ್ರ ಯೋಚನೆ ಮಾಡಿ ತಗೊಳ್ಳಿ. ನೆಂಟರು ಬಂದ್ರೆ ಇರಲಿ ಅಂತ ದೊಡ್ಡದು ತಂದು ದಿನಾ ಇಬ್ಬರಿಗೆ ಅದರಲ್ಲೇ ಹಾಕೋದು ತುಂಬಾ ಕಡೆ ನೋಡಿದೀನಿ. ಪುಡಿ ತೆಳ್ಳಗೆ ಹರಡಿಕೊಳ್ಳತ್ತೆ, ನೀರು ಮುಟ್ಟಿದೋ ಇಲ್ವೋ ಅನ್ನೋ ಹಂಗೆ ಕೆಳಗೆ ಹೋಗತ್ತೆ. ಮೇಲಿನ ಪಾತ್ರೆಯಲ್ಲಿ ಪುಡಿ ಮೂರನೇ ಒಂದು ಭಾಗನಾದ್ರೂ ತುಂಬಬೇಕು. ದಿನಕ್ಕೊಂದು ಚಿಕ್ಕದು, ನೆಂಟರಿಗೊಂದು ದೊಡ್ಡದು, ಎರಡಿಟ್ಟುಕೊಳ್ಳಿ.

ಪುಡಿ ತುಂಬೋದು, ಒತ್ತೋದು

ಇನ್ಮೇಲೆ ನಿಧಾನಕ್ಕೆ ಓದಿ.

ಮೊದಲು ಫಿಲ್ಟರಿನ ಎರಡೂ ಭಾಗ ಪೂರ್ತಿ ಒಣಗಿರಬೇಕು. ತೊಳೆದು ಹಂಗೇ ಪುಡಿ ಹಾಕಿದ್ರೆ ತೂತಿನ ಮೇಲೆ ಕೂತ ಪುಡಿ ಅಲ್ಲೇ ಕೆಸರಾಗಿ ಅಂಟಿಕೊಳ್ಳತ್ತೆ, ಇಳಿಯದೇ ಇರೋದಕ್ಕೆ ಅರ್ಧ ಕಾರಣ ಅಲ್ಲೇ ಹುಟ್ಟತ್ತೆ. ಮೇಲಿನ ಪಾತ್ರೆಯನ್ನ ಬೆಳಕಿಗೆ ಹಿಡಿದು ನೋಡಿ, ತೂತುಗಳೆಲ್ಲ ಕಾಣ್ತಿವೆಯಾ?

ಮೂರು-ನಾಲ್ಕು ಲೋಟ ಕಾಫಿಗೆ 30 ಗ್ರಾಂ ಪುಡಿ. ಚಮಚದ ಲೆಕ್ಕ ಕೇಳಬೇಡಿ, ಒಬ್ಬೊಬ್ಬರ ಮನೆ ಚಮಚ ಒಂದೊಂದು ಥರ, ಒಬ್ಬೊಬ್ಬರ ಗೋಪುರ ಒಂದೊಂದು ಎತ್ತರ. ಅಡುಗೆಮನೆ ತಕ್ಕಡಿ ಒಂದು ತಗೊಂಡ್ರೆ ಚಿತ್ರಾನ್ನ ಬಿಟ್ಟು ಎಲ್ಲದಕ್ಕೂ ಉಪಯೋಗಕ್ಕೆ ಬರತ್ತೆ. ಪುಡಿ ಹಾಕಿ, ಪಾತ್ರೆಯ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ಮೆಲ್ಲಗೆ ತಟ್ಟಿ, ಪುಡಿ ಮಟ್ಟಸವಾಗಿ ಕೂರತ್ತೆ. ಕುಕ್ಕಬೇಡಿ, ಕಟ್ಟೆಗೆ ಕುಟ್ಟಬೇಡಿ.

ಈಗ ಕೊಡೆ, ಅದೇ ಮಧ್ಯ ಕಡ್ಡಿ ಇರೋ ತೂತಿನ ಬಿಲ್ಲೆ. ಇದನ್ನ ಇಟ್ಟು ಹೆಬ್ಬೆರಳಲ್ಲಿ ಶಕ್ತಿ ಬಿಟ್ಟು ಒತ್ತೋರನ್ನ ನೋಡಿದ್ರೆ ನನಗೆ ಸಂಕಟ ಆಗತ್ತೆ. ಗಟ್ಟಿ ಒತ್ತಿದ್ರೆ ಡಿಕಾಕ್ಷನ್ ಗಟ್ಟಿ ಬರತ್ತೆ ಅಂತ ಯಾರು ಯಾವಾಗ ಹೇಳಿದ್ರೋ ಏನೋ, ಊರಿಗೆಲ್ಲ ಹಬ್ಬಿದೆ. ಪುಡಿಗೆ ಬಿಸಿನೀರು ತಾಗಿದ ಕೂಡ್ಲೆ ಅದು ಉಬ್ಬತ್ತೆ, ಜೊತೇಲಿರೋ ಚಿಕೋರಿ ನೀರು ಕುಡಿದು ಅಂಟಂಟಾಗತ್ತೆ, ಉಬ್ಬೋಕೆ ಜಾಗನೇ ಇಲ್ದಂಗೆ ಒತ್ತಿಟ್ಟಿದ್ರೆ ನೀರು ಇಳಿಯೋದೆಲ್ಲಿಂದ? ಹಂಗಂತ ಒತ್ತದೇ ಬಿಟ್ರೆ ನೀರು ಪುಡಿಯ ಒಂದು ಪಕ್ಕದಲ್ಲಿ ದಾರಿ ಮಾಡಿಕೊಂಡು ಅಲ್ಲೇ ಹರಿದು ಹೋಗತ್ತೆ, ಉಳಿದ ಪುಡಿ ಸುಮ್ನೆ ದಂಡ. ಹದ ಏನಪ್ಪಾ ಅಂದ್ರೆ, ಕೊಡೆಯ ತೂಕ ಮತ್ತು ಒಂದು ಬೆರಳಿನ ತೂಕ, ಅಷ್ಟೇ. ಇಟ್ಟು, ಬೆರಳು ತಾಗಿಸಿ, ಸ್ವಲ್ಪ ತಿರುಗಿಸಿ ಬಿಟ್ಬಿಡಿ. ಚಿಕೋರಿ 20% ಇದ್ರೆ ಬೆರಳೂ ಬೇಡ.

ನೀರು

ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯತ್ತೆ. ಇಲ್ಲಿ ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು ಹೊಯ್ದ್ರೆ ಸರಿ. ಮಂಗಳೂರಲ್ಲಿ, ಕಾರವಾರದಲ್ಲಿ ಇದ್ರೆ ನೀರು 100ಕ್ಕೆ ಕುದಿಯತ್ತೆ, ಒಂದು ನಿಮಿಷ ತಡೀರಿ. ಗೀಸರ್ ನೀರು, ಫ್ಲಾಸ್ಕಲ್ಲಿ ರಾತ್ರಿ ಕಾಯಿಸಿಟ್ಟ ನೀರು ಹಾಕೋರಿಗೆ ನಾನು ಏನೂ ಹೇಳಲ್ಲ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಕಾಫಿ ಮಂಕಾಗತ್ತೆ, ಕಾವೇರಿ ನೀರು ಬರೋ ಮನೆಯೋರು ಪುಣ್ಯವಂತರು.

30 ಗ್ರಾಂ ಪುಡಿಗೆ ಒಟ್ಟು 150 ಎಂಎಲ್ ನೀರು. ಎಲ್ಲಾನೂ ಒಂದೇ ಸಲ ಸುರಿಯೋದು ಎರಡನೇ ದೊಡ್ಡ ಎಡವಟ್ಟು. ಮೊದಲು ಸುಮಾರು 40 ಎಂಎಲ್, ಕೊಡೆಯ ಮೇಲೆ ಬೀಳೋ ಹಾಗೆ, ಮಧ್ಯದಿಂದ ಸುತ್ತಲೂ, ಪುಡಿ ನೆನೆಯೋಷ್ಟು ಮಾತ್ರ. ಇಲ್ಲಿ ನಿಲ್ಲಿಸಿ. ಕಿವಿ ಹತ್ತಿರ ಇಟ್ರೆ ಚಿಸ್ ಚಿಸ್ ಅಂತ ಸಣ್ಣ ಸದ್ದು, ಕೊಡೆಯ ತೂತಿಂದ ಗುಳ್ಳೆ ಏಳ್ತಾ ಇರತ್ತೆ, ಹುರಿದ ಬೀಜದೊಳಗೆ ಸಿಕ್ಕಿಹಾಕಿಕೊಂಡಿದ್ದ ಗಾಳಿ ಹೊರಗೆ ಬರೋದು ಅದು. ಗುಳ್ಳೆ ಜೋರಾಗಿ ಬಂದ್ರೆ ಪುಡಿ ಹೊಸದು, ಏನೂ ಬರದೇ ತಣ್ಣಗೆ ಕೂತಿದ್ರೆ ಅಂಗಡಿಯೋರು ಹಳೇದು ದಾಟಿಸಿದಾರೆ ಅಂತ ಲೆಕ್ಕ. ಮುಕ್ಕಾಲು ನಿಮಿಷ ಬಿಟ್ಟು ಉಳಿದ ನೀರನ್ನ ಸಣ್ಣ ಧಾರೆಯಲ್ಲಿ, ಆತುರ ಇಲ್ದೆ, ಕೊಡೆಯ ಮೇಲೇ ಹೊಯ್ಯಿರಿ. ಪುಡಿಗೇ ನೇರ ಸುರಿದ್ರೆ ಗುಂಡಿ ಬೀಳತ್ತೆ. ಮುಚ್ಚಳ ಹಾಕಿ, ಕೈಗೆ ಬೇರೆ ಕೆಲಸ ಕೊಡಿ.

ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದು ಇಟ್ಕೊಳ್ಳತ್ತೆ, ಹಾಗಾಗಿ ಕೆಳಗೆ ಸಿಗೋದು 90 ಎಂಎಲ್ ಸುಮಾರು. ಇಷ್ಟೇನಾ ಅಂತ ಮತ್ತೆ ನೀರು ಸುರಿಯೋಕೆ ಹೋಗ್ಬೇಡಿ. 20ರಿಂದ 30 ನಿಮಿಷದಲ್ಲಿ ಇಳಿದ್ರೆ ಹದ ಸಿಕ್ಕಿದೆ. ಐದೇ ನಿಮಿಷಕ್ಕೆ ಇಳೀತಾ, ನಾಳೆ ಇನ್ನೊಂಚೂರು ನುಣ್ಣಗಿನ ಪುಡಿ, ಇಲ್ಲಾಂದ್ರೆ ಇನ್ನೊಂಚೂರು ಬೆರಳು.

ಹತ್ತು ನಿಮಿಷ ಆದ್ರೂ ಒಂದು ಹನಿನೂ ಇಲ್ಲ ಅಂದ್ರೆ? ಚಮಚದಲ್ಲಿ ಪುಡಿ ಕದಡಬೇಡಿ, ಕೈ ಮುಗಿದು ಕೇಳ್ಕೋತೀನಿ, ಕದಡಿದ್ರೆ ನುಣ್ಣಗಿನ ಪುಡಿಯೆಲ್ಲ ಹೋಗಿ ತೂತಿನ ಮೇಲೆ ಕೂತು ಕಥೆ ಮುಗಿಯತ್ತೆ. ಮೊದಲು ಮೇಲಿನ ಪಾತ್ರೆನ ಒಂಚೂರು ಎತ್ತಿ ಮತ್ತೆ ಕೂರಿಸಿ. ಎರಡು ಪಾತ್ರೆ ಬಿಗಿಯಾಗಿ ಕೂತಿದ್ರೆ ಕೆಳಗಿನ ಗಾಳಿಗೆ ಹೊರಗೆ ಬರೋಕೆ ದಾರಿ ಇರಲ್ಲ, ಅದು ಹೋಗದೇ ಡಿಕಾಕ್ಷನ್ ಬರಲ್ಲ. ತುಂಬಾ ಸಲ ಇಷ್ಟಕ್ಕೇ ತೊಟತೊಟ ಶುರುವಾಗತ್ತೆ. ಆಗಲಿಲ್ವಾ, ಕೊಡೆಯ ಕಡ್ಡಿ ಹಿಡಿದು ಒಂದೆಳೆಯಷ್ಟು ಮೇಲಕ್ಕೆ ಸಡಿಲಿಸಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಇವತ್ತಿಗೆ ಪುಡಿ ಸಮೇತ ಪಾತ್ರೆಗೆ ಸುರಿದು ಬಟ್ಟೇಲಿ ಸೋಸಿ ಕುಡೀರಿ. ತಪ್ಪೇನಿಲ್ಲ, ಮಲೆನಾಡಲ್ಲಿ ಎಷ್ಟೋ ಮನೇಲಿ ಬಟ್ಟೇಲಿ ಸೋಸೋದೇ ಪದ್ಧತಿ, ಕೊಡಗಿನ ಬೆಲ್ಲದ ಕರಿ ಕಾಫಿ ಕುಡಿದೋರಿಗೆ ಅದರ ಮಜಾ ಗೊತ್ತು.

ಪುಡಿ ಕೆಳಗೆ ಒಂದು ಚಿಟಿಕೆ ಸಕ್ಕರೆ ಹಾಕಿದ್ರೆ ಬೇಗ ಇಳಿಯತ್ತೆ ಅಂತ ಒಂದು ಉಪಾಯ ಓಡಾಡ್ತಿದೆ. ಹಾಕ್ಕೊಳ್ಳಿ, ನಾನು ಬೇಡ ಅನ್ನಲ್ಲ, ಆದ್ರೆ ಒತ್ತೋದು ಕಮ್ಮಿ ಮಾಡಿದ್ರೆ ಅದರ ಅಗತ್ಯನೇ ಬೀಳಲ್ಲ. ಸ್ಯಾಶೆಯಲ್ಲಿ ಬರೋ ರೆಡಿ ಡಿಕಾಕ್ಷನ್ ರೈಲು ಪ್ರಯಾಣಕ್ಕೆ ಇರ್ಲಿ. ದೇಶದ ಕಾಫಿಯಲ್ಲಿ ಸುಮಾರು 70% ನಮ್ಮ ರಾಜ್ಯದಲ್ಲೇ ಬೆಳೆಯತ್ತೆ, ಅದನ್ನಿಟ್ಕೊಂಡು ಮನೇಲಿ ಇನ್‌ಸ್ಟಂಟ್ ಕಲಸಿ ಕುಡಿಯೋದು ನನಗಂತೂ ಒಗ್ಗಲ್ಲ.

ಬೆರೆಸೋದು

ಲೋಟಕ್ಕೆ ಡಿಕಾಕ್ಷನ್ 25ರಿಂದ 30 ಎಂಎಲ್, ಹಾಲು ಅದರ ಮೂರರಷ್ಟು. ಟೋನ್ಡ್ ಹಾಲಲ್ಲಿ ಕೊಬ್ಬು 3%, ಫುಲ್ ಕ್ರೀಮಲ್ಲಿ 6%. ಕಾಫಿಗೆ ಎರಡನೇದೇ ಸರಿ, ನೀಲಿ ಪ್ಯಾಕೆಟ್ಟಿಗೆ ನೀರು ಬೇರೆ ಬೆರೆಸೋರು ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು. ಹಾಲು ಉಕ್ಕಿ ಬಂದ ಕೂಡ್ಲೆ ಇಳಿಸಿ, ಕೆನೆ ಕಟ್ಟೋ ಮುಂಚೆ ಬೆರೆಸಿ. ಡಿಕಾಕ್ಷನ್ನ ಮಾತ್ರ ಯಾವ ಕಾರಣಕ್ಕೂ ಕುದಿಸಬಾರದು. ತಣ್ಣಗಾಗಿದ್ರೆ ಬಟ್ಲಲ್ಲಿ ಬಿಸಿನೀರು ಹಾಕಿ ಅದರೊಳಗೆ ಇಡಿ. ಲೋಟ-ಬಟ್ಲಲ್ಲಿ ಮೂರು ಸಲ ಎತ್ತಿ ಹೊಯ್ದ್ರೆ ನೊರೆ ಬರತ್ತೆ, ಹತ್ತು ಸಲ ಹೊಯ್ದ್ರೆ ನೊರೆ ಇರತ್ತೆ, ಬಿಸಿ ಇರಲ್ಲ. ಬೆಲ್ಲ ಬೇಕು ಅನ್ನೋರು ಒಲೆ ಮೇಲಿರೋ ಹಾಲಿಗೆ ಹಾಕ್ಬೇಡಿ, ಒಡೆಯೋ ಸಾಧ್ಯತೆ ಇದೆ, ಕೊನೆಗೆ ಲೋಟದಲ್ಲೇ ಬೆರೆಸಿ.

ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿ ತೆಗೆಯೋ ಎರಡನೇ ಡಿಕಾಕ್ಷನ್ನು ಬರೀ ಕಹಿ. ಮೊದಲನೇದಕ್ಕೆ ಬೆರೆಸಿ ಹಾಳು ಮಾಡೋ ಬದಲು ಬೇಕಾದ್ರೆ ಬೇರೇನೇ ಇಟ್ಟು ಮಧ್ಯಾಹ್ನ ಕುಡೀರಿ. ಮೊದಲನೇದು ಉಳಿದ್ರೆ ಮುಚ್ಚಿ ಫ್ರಿಜ್ಜಲ್ಲಿಟ್ಟು ಮಾರನೇ ದಿನದೊಳಗೆ ಮುಗಿಸಿ.

ತೊಳೆಯೋದು

ಗಸಿಯನ್ನ ಸಿಂಕಿಗೆ ಕೊಡವಬೇಡಿ, ಪೈಪ್ ಕಟ್ಟತ್ತೆ, ಪ್ಲಂಬರ್ ಬಂದಾಗ ಕಾಫಿ ದುಬಾರಿ ಅನ್ಸತ್ತೆ. ಸ್ವಲ್ಪ ಒಣಗಲು ಬಿಟ್ಟು ಕರಿಬೇವಿನ ಪಾಟಿನ ಮಣ್ಣಿಗೆ ಬೆರೆಸಿ. ಫಿಲ್ಟರನ್ನ ಬರೀ ಬಿಸಿನೀರಲ್ಲಿ ಉಜ್ಜಿದ್ರೆ ದಿನಕ್ಕೆ ಸಾಕು, ಘಾಟು ವಾಸನೆಯ ಲಿಕ್ವಿಡ್ ಹಾಕಿದ್ರೆ ಮಾರನೇ ದಿನ ಡಿಕಾಕ್ಷನಲ್ಲಿ ನಿಂಬೆಹಣ್ಣಿನ ಸೋಪು ಕುಡಿದಂಗಾಗತ್ತೆ. ವಾರಕ್ಕೊಂದು ಸಲ ತೂತಿನ ಕಡೆಯಿಂದ ಜೋರು ನಲ್ಲಿ ನೀರು ಬಿಡಿ, ಹೊರಗಿಂದ ಒಳಗೆ. ಆದ್ರೂ ಕಟ್ಟಿಕೊಂಡಿದ್ರೆ, ಸ್ಟೀಲ್ ಫಿಲ್ಟರಿನ ತಳಾನ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿ ಮೇಲೆ ಅರ್ಧ ನಿಮಿಷ ತೋರಿಸಿ, ಒಳಗೆ ಕೂತ ಜಿಡ್ಡು ಸುಟ್ಟು ಉದುರತ್ತೆ, ತಣ್ಣಗಾದ ಮೇಲೆ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ. ಕಲಾಯಿ ಹಾಕಿದ ಹಿತ್ತಾಳೆದಕ್ಕೆ ಈ ಪ್ರಯೋಗ ಬೇಡ, ಕಲಾಯಿ ಕರಗಿ ಬರತ್ತೆ; ಅದನ್ನ ಹೊರಗಡೆ ಹುಣಸೆಹಣ್ಣು, ಒಳಗಡೆ ಬಿಸಿನೀರಲ್ಲೇ ಸುಧಾರಿಸಿ.