ಅಡುಗೆಮನೆಯ ಓಡಾಟ ಕಡಿಮೆ ಮಾಡಿ, ಲಿಲಿಯನ್ ಗಿಲ್‌ಬ್ರೆತ್ ಹೇಳಿಕೊಟ್ಟ ಹಾಗೆ

ಅಡುಗೆಮನೆ ಸರಿಮಾಡಿಸಬೇಕು ಅನ್ನಿಸಿದ ತಕ್ಷಣ ಕಾರ್ಪೆಂಟರ್‌ಗೆ ಫೋನ್ ಮಾಡಬೇಡಿ. ಮೊದಲು ಒಂದು ನೂಲಿನ ಉಂಡೆ, ಒಂದಷ್ಟು ಗುಂಡುಪಿನ್ನು, ಒಂದು ದಪ್ಪ ರಟ್ಟು ತೆಗೆದುಕೊಳ್ಳಿ. ರಟ್ಟಿನ ಮೇಲೆ ನಿಮ್ಮ ಅಡುಗೆಮನೆಯ ನಕ್ಷೆ ಬರೆದು, ಒಲೆ, ಸಿಂಕ್, ಫ್ರಿಜ್, ಡಬ್ಬಿಗಳ ಕಪಾಟು ಇರುವಲ್ಲೆಲ್ಲ ಪಿನ್ನು ಚುಚ್ಚಿ.

ಇದು ಅಮೆರಿಕದ ಎಂಜಿನಿಯರ್ ಲಿಲಿಯನ್ ಗಿಲ್‌ಬ್ರೆತ್ ಅವರ ವಿಧಾನ. ಅವರೂ ಗಂಡ ಫ್ರ್ಯಾಂಕ್ ಅವರೂ ಸೇರಿ ಕೆಲಸಗಾರರ ಕೈಚಲನೆಯನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು, ಬೇಡದ ಶ್ರಮ ಎಲ್ಲಿದೆ ಅಂತ ಹುಡುಕುತ್ತಿದ್ದರು. 1924ರಲ್ಲಿ ಫ್ರ್ಯಾಂಕ್ ತೀರಿಕೊಂಡರು. ಮನೆ ತುಂಬಾ ಮಕ್ಕಳು, ಕೈಯಲ್ಲಿ ಡಾಕ್ಟರೇಟ್, ವರ್ಷಗಟ್ಟಲೆ ಅನುಭವ, ಆದರೂ ಹೆಂಗಸು ಅಂತ ಕಂಪನಿಗಳು ಕರಾರು ಮುಂದುವರಿಸಲಿಲ್ಲ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಅವರು ಮನೆಯಲ್ಲೇ ತರಬೇತಿ ತರಗತಿ ನಡೆಸಿ ಸಂಸಾರ ತೂಗಿಸಿದರು, ಸಲಹಾ ಸಂಸ್ಥೆಯನ್ನೂ ಉಳಿಸಿಕೊಂಡರು, ಕಾರ್ಖಾನೆಯ ಅದೇ ಲೆಕ್ಕಾಚಾರವನ್ನು ಅಡುಗೆಮನೆಗೆ ತಂದರು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ.

ಸರಿ, ಈಗ ಉಪ್ಪಿಟ್ಟು ಮಾಡಿ. ಒಬ್ಬರು ಮಾಡಲಿ, ಇನ್ನೊಬ್ಬರು ಬಾಯಿ ಹಾಕದೆ ಸುಮ್ನೆ ನೋಡುತ್ತಾ, ಅವರು ಹೋದಲ್ಲೆಲ್ಲ ಪಿನ್ನಿನಿಂದ ಪಿನ್ನಿಗೆ ನೂಲು ಸುತ್ತಲಿ. ಬಾಣಲೆ ಕೆಳಗಿನ ಕಪಾಟಿನಲ್ಲಿ, ಸಾಸಿವೆ ಆಚೆ ಗೋಡೆಯಲ್ಲಿ, ಕರಿಬೇವು ಫ್ರಿಜ್‌ನಲ್ಲಿ, ಎಣ್ಣೆ ಹೊಗೆಯಾಡುತ್ತಿರುವಾಗ ಒಣಮೆಣಸಿನಕಾಯಿಗೆ ಮತ್ತೊಂದು ಓಟ. ಹೀಗೇ ಅಲ್ವಾ ನಡೆಯುವುದು?

ನೂಲು ಎಲ್ಲಿ ಜಾಸ್ತಿ ಸುತ್ತಿದೆಯೋ ಆ ಎರಡು ಜಾಗದ ಸಾಮಾನನ್ನು ಹತ್ತಿರ ತನ್ನಿ. ಒಗ್ಗರಣೆಯದ್ದೆಲ್ಲ ಒಲೆಯ ಪಕ್ಕ, ಬಗ್ಗದೆ ಕೈಗೆ ಸಿಗುವ ಎತ್ತರದಲ್ಲಿರಲಿ. ಚಕ್ಕುಲಿ ಒರಳು ಅಟ್ಟಕ್ಕೆ ಹೋಗಲಿ. ಆಮೇಲೆ ಇನ್ನೊಂದು ದಿನ ಅದೇ ಉಪ್ಪಿಟ್ಟು ಮಾಡಿ, ಹೊಸ ನೂಲು ಸುತ್ತಿ, ಎರಡನ್ನೂ ಬಿಚ್ಚಿ ಅಳೆದು ನೋಡಿ.

ಕಟ್ಟೆಯ ಎತ್ತರವನ್ನು ಮರೆಯಬೇಡಿ. ಕಟ್ಟೆಗೆ ತಕ್ಕಂತೆ ಹೆಂಗಸು ಬಗ್ಗುವುದಲ್ಲ, ಅಡುಗೆ ಮಾಡುವವರಿಗೆ ತಕ್ಕಂತೆ ಕಟ್ಟೆ ಇರಬೇಕು ಅನ್ನುವುದು ಗಿಲ್‌ಬ್ರೆತ್ ಅವರ ಪಟ್ಟು. ಮೊಣಕೈ ಮಡಚಿ ನೆಟ್ಟಗೆ ನಿಲ್ಲಿ. ಕಟ್ಟೆ ಮೊಣಕೈಗಿಂತ ಸ್ವಲ್ಪ ಕೆಳಗಿದ್ದರೆ ತರಕಾರಿ ಹೆಚ್ಚುವುದಕ್ಕೆ ಆರಾಮ. ತೀರಾ ತಗ್ಗಾಗಿದ್ದರೆ ಸದ್ಯಕ್ಕೆ ದಪ್ಪ ಮಣೆ ಇಟ್ಟುಕೊಂಡು ಹೆಚ್ಚಿ. ಹೊಸದಾಗಿ ಕಟ್ಟಿಸುವುದಾದರೆ, ಮೇಸ್ತ್ರಿ ಟೇಪು ಹಿಡಿಯುವಾಗ ದಿನಾ ಅಡುಗೆ ಮಾಡುವವರೇ ಅಲ್ಲಿ ನಿಂತು ಅಳತೆ ಕೊಡಲಿ.