ಮೈನಸ್ 80ರಿಂದ ಮೈನಸ್ 70ಕ್ಕೆ

ಬೆಂಗಳೂರಿನ ನಮ್ಮ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರುಗಳು ನಾಲ್ಕಿವೆ, ಅವುಗಳ ಉಸ್ತುವಾರಿ ನನ್ನದು. ಒಂದು ಏಪ್ರಿಲ್‌ನಲ್ಲಿ ಅತ್ಯಂತ ಹಳೆಯದರ ಕಂಪ್ರೆಸರ್ ನಿಲ್ಲುವುದನ್ನೇ ಬಿಟ್ಟಿತು. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆ: ದಿನಕ್ಕೆ 22 ಯೂನಿಟ್. ತಂಪು ಮಾಡಲು ಪ್ರೊಪೇನ್, ಈಥೇನ್ ಅನಿಲ ಬಳಸುವ ಹೊಸ ಮಾದರಿಗಳು ಇದರ ಅರ್ಧಕ್ಕಿಂತ ಕಡಿಮೆಯಲ್ಲಿ ನಡೆಯುತ್ತವೆ. ಆದರೆ ಹೊಸದಕ್ಕೆ ಹಣವಿರಲಿಲ್ಲ.

ಕೆಳಗಿನ ಜಾಲರಿ ತೆಗೆದರೆ ಫಿಲ್ಟರಿನ ಮೇಲೆ ಧೂಳು ಕಂಬಳಿ ಹೊದ್ದ ಹಾಗೆ ಕೂತಿತ್ತು. ಈ ಯಂತ್ರದಲ್ಲಿ ಎರಡು ಕಂಪ್ರೆಸರುಗಳು. ಒಂದು ಒಳಗಿನ ಶಾಖವನ್ನು ಹೊತ್ತು ತಂದು ಇನ್ನೊಂದರ ಅನಿಲಕ್ಕೆ ಒಪ್ಪಿಸುತ್ತದೆ, ಆ ಇನ್ನೊಂದು ಅದನ್ನು ಕಂಡೆನ್ಸರಿನ ಮೂಲಕ ಕೋಣೆಗೆ ಬಿಡುತ್ತದೆ. ಹೊರಹೋಗುವ ದಾರಿಯೇ ಕಟ್ಟಿಕೊಂಡರೆ ಎರಡೂ ಏದುಸಿರು ಬಿಡುತ್ತವೆ. ಫಿಲ್ಟರ್ ತೊಳೆದು ಒಣಗಿಸಿ ಹಾಕಿದೆ, ಫ್ರೀಜರನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ. ಬಾಗಿಲ ರಬ್ಬರಿನ ಮೇಲಿದ್ದ ಹಿಮವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೆ. ಇದಕ್ಕೆ ಚಾಕು ಬಳಸಲೇಬೇಡಿ. ರಬ್ಬರ್ ಸೀಳಿದರೆ ತೇವದ ಗಾಳಿ ನುಗ್ಗಿ ಮತ್ತೆ ಹಿಮ ಕಟ್ಟುತ್ತದೆ. ವಾರದಲ್ಲಿ ಮೀಟರ್ 19ಕ್ಕೆ ಬಂತು.

ಕಷ್ಟವಾದದ್ದು, ಕರೆಂಟ್ ಇನ್ನಷ್ಟು ಉಳಿಸಲು ಇದನ್ನು ಮೈನಸ್ 70ಕ್ಕೆ ಏರಿಸೋಣ ಎಂದು ಎಲ್ಲರನ್ನೂ ಒಪ್ಪಿಸುವುದು. ಡಿಎನ್‌ಎಗೂ ಗ್ಲಿಸರಾಲಿನಲ್ಲಿಟ್ಟ ಬ್ಯಾಕ್ಟೀರಿಯಾಕ್ಕೂ ಅಷ್ಟು ತಂಪು ಧಾರಾಳವಾಗಿ ಸಾಕು. ಆದರೂ "ಮೇಡಂ, ಅದು ನನ್ನ ಐದು ವರ್ಷದ ಕೆಲಸ" ಎಂದು ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳು ಹೇಳಿದಾಗ ವಾದಿಸಲು ನನಗೆ ಮನಸ್ಸಾಗಲಿಲ್ಲ. ಅವಳ ಡಬ್ಬಿಗಳನ್ನು ಮೈನಸ್ 80ರಲ್ಲೇ ಉಳಿಯುವ ಫ್ರೀಜರಿಗೆ ಸಾಗಿಸಿದೆ. ಜೀವಂತ ಕೋಶಗಳು ಹೇಗೂ ದ್ರವ ಸಾರಜನಕದಲ್ಲಿದ್ದವು.

ಮೊದಲು ಮೈನಸ್ 75, ಎರಡು ವಾರದ ನಂತರ 70. ಮೇಲಿನ ಕಪಾಟಿನಲ್ಲಿ ಬಾಗಿಲ ಹತ್ತಿರ ಒಂದು, ಕೆಳಗೊಂದು ತಾಪಮಾಪಕ ಇಟ್ಟು ದಿನವೂ ಬರೆದುಕೊಂಡೆ. ಮೀಟರ್ 14ಕ್ಕೆ ಇಳಿದು ನಿಂತಿತು. ಗೋಡೆಯ ಮೂಲಕ ಒಳನುಗ್ಗುವ ಶಾಖ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ತಗ್ಗಿರಬೇಕು. ಉಳಿದ ಲಾಭ, ಶಾಖವನ್ನು ಅಷ್ಟು ಆಳದಿಂದ ಎತ್ತುವ ಕೆಲಸ ತಪ್ಪಿದ್ದರಿಂದ ಬಂದದ್ದು. ಫ್ರೀಜರ್ ಉಗುಳುವ ಬಿಸಿಯನ್ನು ಎಸಿ ಮತ್ತೆ ಹೊರಹಾಕಬೇಕಲ್ಲ, ಆ ಉಳಿತಾಯ ಬೇರೆ.

ಒಂದು ಎಚ್ಚರಿಕೆ ಇದೆ. ಕರೆಂಟ್ ಹೋದರೆ ಮೈನಸ್ 70ರ ಫ್ರೀಜರ್ ಅಪಾಯದ ಮಟ್ಟವನ್ನು ಬೇಗ ಮುಟ್ಟುತ್ತದೆ, ಕೈಗೆ ಸಿಗುವ ಸಮಯ ಕಡಿಮೆ. ಅದಕ್ಕೇ ಜನರೇಟರನ್ನು ತಿಂಗಳಿಗೊಮ್ಮೆ ನಾನೇ ನಿಂತು ಚಾಲೂ ಮಾಡಿಸುತ್ತೇನೆ. ಅಲಾರಂ ಮೈನಸ್ 60ಕ್ಕೆ ಕೂಗುತ್ತದೆ, ರಾತ್ರಿಯಾದರೆ ನನ್ನ ಫೋನಿಗೂ ಬರುತ್ತದೆ.