ಅಂಗನವಾಡಿ ವಯಸ್ಸಿನ ಮಕ್ಕಳ ಮಾತು, ಮನಸ್ಸು, ನಡವಳಿಕೆ: ಪ್ರಾಥಮಿಕ ತಪಾಸಣೆ ಮಾಡುವುದು ಹೇಗೆ?

ಮೂರು ವರ್ಷ ತುಂಬಿದ ಮಗು ಎರಡು ಪದ ಕೂಡಿಸಿ ಮಾತನಾಡದಿದ್ದರೆ, ‘ಇವರಪ್ಪನಿಗೂ ಮಾತು ತಡವಾಗಿಯೇ ಬಂತು’ ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ, ಇಲ್ಲವೇ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಕೆಲವು ಮಕ್ಕಳು ತಾವಾಗಿಯೇ ಸರಿಹೋಗುವುದರಿಂದ ಈ ನಂಬಿಕೆ ಉಳಿದುಕೊಂಡಿದೆ. ಆದರೆ ತಾನಾಗಿ ಚೇತರಿಸಿಕೊಳ್ಳುವ ಮಗು ಯಾವುದು, ನೆರವು ಬೇಕಾದ ಮಗು ಯಾವುದು ಎಂಬುದು ಕಣ್ಣಂದಾಜಿಗೆ ಸಿಗುವುದಿಲ್ಲ. ಯಾವ ಮಗುವನ್ನು ತಜ್ಞರು ನೋಡಬೇಕೆಂದು ಆರಿಸುವುದಷ್ಟೇ ಪ್ರಾಥಮಿಕ ತಪಾಸಣೆಯ ಕೆಲಸ. ಕಾಯಿಲೆಗೆ ಹೆಸರಿಡುವ ಅಧಿಕಾರ ಅದಕ್ಕಿಲ್ಲ. ಆದ್ದರಿಂದ ತರಬೇತಿ ಪಡೆದ ಅಂಗನವಾಡಿ ಕಾರ್ಯಕರ್ತೆಯರೂ ನರ್ಸರಿ ಶಿಕ್ಷಕಿಯರೂ ಇದನ್ನು ಮಾಡಬಹುದು.

ಮೊದಲು ಪೋಷಕರ ಒಪ್ಪಿಗೆ ಪಡೆಯಿರಿ. ಮಗು ಹೊಸದಾಗಿ ಸೇರಿದ ಮೊದಲ ತಿಂಗಳಲ್ಲಿ, ಜ್ವರ ಬಂದು ಎದ್ದ ವಾರದಲ್ಲಿ ತಪಾಸಣೆ ಬೇಡ.

ಎರಡನೆಯ ಹೆಜ್ಜೆ ಕಿವಿ. ಮಾತು ತಡವಾದ ಪ್ರತಿ ಮಗುವಿಗೂ, ಅದು ಕರೆದರೆ ತಿರುಗಿ ನೋಡುತ್ತದೆ ಎಂದು ತಾಯಿ ಖಚಿತವಾಗಿ ಹೇಳಿದರೂ, ಶ್ರವಣ ಪರೀಕ್ಷೆ ಆಗಲೇಬೇಕು. ಪದೇ ಪದೇ ನೆಗಡಿಯಾಗುವ ಮಗುವಿನ ಕಿವಿಯೊಳಗೆ ದ್ರವ ತುಂಬಿದರೆ ಕೆಲವು ಶಬ್ದಗಳು ಕೇಳಿಸುತ್ತವೆ, ಕೆಲವು ಕೇಳಿಸುವುದಿಲ್ಲ. ಅಂಥ ಮಗುವನ್ನು ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಹಟಮಾರಿಗಳ ಪಟ್ಟಿಗೆ ಸೇರಿಸಿಬಿಡುವುದು ಸುಲಭ.

ಅನಂತರ ಮಾತನ್ನು ಗಮನಿಸಿ. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂಥ ಎರಡು ಪದಗಳ ಜೋಡಣೆ, ಮೂರಕ್ಕೆ ಹೊರಗಿನವರಿಗೂ ಬಹುಪಾಲು ಅರ್ಥವಾಗುವ ಮಾತು, ನಾಲ್ಕಕ್ಕೆ ನಾಲ್ಕೈದು ಪದಗಳ ವಾಕ್ಯ ಇರಬೇಕೆಂಬುದು ಸಾಮಾನ್ಯ ಅಳತೆ. ಮೂರು ವರ್ಷದ ಮಗು ‘ರವೆ’ಯನ್ನು ‘ಲವೆ’ ಎಂದರೆ ಗಾಬರಿ ಬೇಡ. ಆದರೆ ಕಲಿತಿದ್ದ ಮಾತನ್ನು ಮಗು ಕಳೆದುಕೊಂಡರೆ ಯಾವ ವಯಸ್ಸಿನಲ್ಲಾದರೂ ಕಾಯದೆ ವೈದ್ಯರಿಗೆ ತೋರಿಸಬೇಕು.

ನಮ್ಮಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ಮನೆಯಲ್ಲಿ ತುಳು, ಉರ್ದು, ಕೊಂಕಣಿ ಅಥವಾ ಲಂಬಾಣಿ ಆಡುವ ಮಗುವನ್ನು ಕನ್ನಡದಲ್ಲಿ ಮಾತ್ರ ಪ್ರಶ್ನಿಸಿ, ಅದು ಸುಮ್ಮನಿದ್ದರೆ ಭಾಷಾ ಹಿನ್ನಡೆ ಎಂದು ಬರೆದುಕೊಳ್ಳಲಾಗುತ್ತದೆ. ಮಗುವಿಗೆ ಬರುವ ಎಲ್ಲ ಭಾಷೆಗಳ ಪದಗಳನ್ನೂ ಒಟ್ಟಿಗೆ ಎಣಿಸಬೇಕು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಭಾಷಾ ತೊಂದರೆ ಉಂಟಾಗುವುದಿಲ್ಲ. ಮನೆಮಾತು ಬಿಟ್ಟು ಇಂಗ್ಲಿಷನ್ನಷ್ಟೇ ಆಡಿ ಎಂಬ ಸಲಹೆಗೆ ಆಧಾರವೂ ಇಲ್ಲ.

ನಡವಳಿಕೆ ಮತ್ತು ಭಾವನೆಗಳಿಗೆ ಎಸ್‌ಡಿಕ್ಯೂ (ಸ್ಟ್ರೆಂಗ್ತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್, ಅಂದರೆ ಮಗುವಿನ ಸಾಮರ್ಥ್ಯ ಮತ್ತು ತೊಂದರೆಗಳನ್ನು ಕೇಳುವ ಪಟ್ಟಿ) ಎಂಬ ಪ್ರಶ್ನಾವಳಿ ಬಹಳ ದೇಶಗಳಲ್ಲಿ ಬಳಕೆಯಲ್ಲಿದೆ. ಎರಡರಿಂದ ನಾಲ್ಕು ವರ್ಷದವರಿಗೆ ಅದರದೇ ಆದ ಆವೃತ್ತಿಯಿದ್ದು, ಅದರಲ್ಲಿ 25 ವಾಕ್ಯಗಳಿವೆ. ಭಾವನೆ, ನಡತೆ, ಚಂಚಲತೆ, ಒಡನಾಟ ಮತ್ತು ಪರರ ಬಗೆಗಿನ ಕಾಳಜಿ ಎಂಬ ಐದು ಗುಂಪುಗಳಿಗೆ ತಲಾ ಐದು ವಾಕ್ಯ. ದೊಡ್ಡ ಮಕ್ಕಳ ಆವೃತ್ತಿಯಲ್ಲಿರುವ ಸುಳ್ಳು, ಕಳ್ಳತನಗಳ ಬದಲು ಇಲ್ಲಿ ದೊಡ್ಡವರೊಡನೆ ವಾದ ಮಾಡುವುದನ್ನು, ಇತರರ ಮೇಲೆ ಹಗೆ ತೋರಿಸುವುದನ್ನು ಕೇಳಲಾಗುತ್ತದೆ; ಮೂರು ವರ್ಷದವರನ್ನು ಕಳ್ಳರೆನ್ನದಿರುವುದು ವಿವೇಕವೇ ಸರಿ. ಪ್ರತಿ ಉತ್ತರಕ್ಕೆ 0, 1 ಅಥವಾ 2 ಅಂಕ. ಮೊದಲ ನಾಲ್ಕು ಗುಂಪುಗಳನ್ನು ಕೂಡಿಸಿದರೆ 0ಯಿಂದ 40ರವರೆಗಿನ ಒಟ್ಟು ಸಿಗುತ್ತದೆ; ಕಾಳಜಿಯ ಗುಂಪನ್ನು ಇದಕ್ಕೆ ಸೇರಿಸಬಾರದು. ‘ಗೆಳೆಯರಿದ್ದಾರೆ’ ಎಂಬಂಥ ಒಳ್ಳೆಯ ಗುಣದ ಕೆಲವು ವಾಕ್ಯಗಳಿಗೆ ಅಂಕ ತಿರುಗುಮುರುಗಾಗುವುದನ್ನು (‘ಖಂಡಿತ ನಿಜ’ ಎಂದರೆ 0, ‘ನಿಜವಲ್ಲ’ ಎಂದರೆ 2) ಮರೆಯದಿರಿ. ಈ ಪ್ರಶ್ನಾವಳಿ ಭಾಷೆಯನ್ನು ಅಳೆಯುವುದಿಲ್ಲ, ಆದ್ದರಿಂದ ಹಿಂದಿನ ಹೆಜ್ಜೆಯನ್ನು ಬಿಡುವಂತಿಲ್ಲ.

ಪೋಷಕರಿಂದಲೂ ಶಿಕ್ಷಕಿಯಿಂದಲೂ ಪ್ರತ್ಯೇಕವಾಗಿ ಉತ್ತರ ಪಡೆಯಿರಿ. ಇಬ್ಬರ ಉತ್ತರಗಳು ಹೊಂದದಿದ್ದರೆ ಯಾರೋ ಸುಳ್ಳು ಹೇಳಿದ್ದಾರೆಂದು ಭಾವಿಸಬೇಕಿಲ್ಲ. ಮಗು ಎರಡು ಕಡೆ ಎರಡು ರೀತಿ ಇರಬಲ್ಲದು. ಮನೆಯಲ್ಲಿ ಹರಟುವ ಮಗು ಅಂಗನವಾಡಿಯಲ್ಲಿ ಮೊದಲ ತಿಂಗಳು ಕಳೆದ ಮೇಲೂ ವಾರಗಟ್ಟಲೆ ಬಾಯಿ ಬಿಡದಿದ್ದರೆ ಆತಂಕದ ಸಮಸ್ಯೆ ಇರಬಹುದು. ಕಚ್ಚುವ, ಹೊಡೆಯುವ ಮಗುವನ್ನು ಎಲ್ಲರೂ ಗುರುತಿಸುತ್ತಾರೆ. ಮೂಲೆ ಹಿಡಿದು ಕೂರುವ ಮಗುವಿಗೆ ‘ಬಹಳ ಒಳ್ಳೆಯದು’ ಎಂಬ ಹೊಗಳಿಕೆ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಪ್ರಶ್ನಾವಳಿ ಹೆಚ್ಚು ಬೇಕಾಗಿರುವುದು ಈ ಎರಡನೆಯ ಮಗುವಿಗೆ.

ಅಂಕ ಹೆಚ್ಚು ಬಂದರೆ ಪೋಷಕರ ಮುಂದೆ ಅಂಕವನ್ನಾಗಲಿ ಕಾಯಿಲೆಯ ಹೆಸರನ್ನಾಗಲಿ ಎತ್ತದೆ, ಕಂಡದ್ದನ್ನು ಮಾತ್ರ ಹೇಳಿ: ‘ನೋಡಮ್ಮ, ಪುಟ್ಟ ಇಲ್ಲಿ ಬೇರೆ ಮಕ್ಕಳ ಜೊತೆ ಸೇರ್ತಿಲ್ಲ, ಮನೇಲಿ ಹೇಗಿರ್ತಾನೆ?’ ಉಳಿದ ಮಕ್ಕಳ ಎದುರು ಈ ಮಾತು ಬೇಡ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯಕೀಯ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಗುರುತಿಸಿದ ಮಕ್ಕಳನ್ನು ಆ ತಂಡಕ್ಕೆ ತೋರಿಸಿದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ; ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ನೆರವು ನೀಡುವ ಕೇಂದ್ರ) ಕಳುಹಿಸುತ್ತಾರೆ. ಅಲ್ಲಿ ಸೇವೆ ಉಚಿತ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಮನಸ್ಸಿಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಕೂಲಿ ತಪ್ಪಿಸಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದ ತಾಯಿ ಎಷ್ಟೋ ಸಲ ಹೋಗಿರುವುದೇ ಇಲ್ಲ. ಆದ್ದರಿಂದ ಚೀಟಿ ಬರೆದುಕೊಟ್ಟ ದಿನದ ಜೊತೆಗೆ, ಮಗು ನಿಜವಾಗಿ ಅಲ್ಲಿಗೆ ತಲುಪಿದ ದಿನಕ್ಕೂ ರಿಜಿಸ್ಟರಿನಲ್ಲಿ ಒಂದು ಅಂಕಣ ಎಳೆದುಕೊಳ್ಳಿ; ಎರಡು ವಾರವಾದರೂ ಅದು ಖಾಲಿಯಿದ್ದರೆ ಮನೆಗೆ ಹೋಗಿ ವಿಚಾರಿಸಿ.